ಕಾರು ಶೆಡ್ಡಿನ ಬಾಗಿಲು ಮಳೆಗಾಲಕ್ಕೆ ಒಗ್ಗಲಿ

ಮನೆ ಕಟ್ಟಿಸುವವರು ಎದುರು ಬಾಗಿಲಿಗೆ ತೇಗ ಹಾಕುವುದೋ ಹಲಸು ಹಾಕುವುದೋ ಎಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ. ನೆಂಟರನ್ನು ಕೇಳುತ್ತಾರೆ, ಮರದ ಮಿಲ್ಲಿಗೆ ಹೋಗಿ ಹಲಗೆ ತಟ್ಟಿ ನೋಡುತ್ತಾರೆ. ಕಾರು ಶೆಡ್ಡಿನ ಬಾಗಿಲಿನ ಸರದಿ ಬರುವುದು ಪೇಂಟಿಂಗ್ ಮುಗಿದು ಗೃಹಪ್ರವೇಶದ ದಿನ ಗೊತ್ತಾದ ಮೇಲೆ. ಆಗ ಹತ್ತಿರದ ವರ್ಕ್‌ಶಾಪಿಗೆ ಫೋನು ಹೋಗುತ್ತದೆ. ಅವರು ಬಂದು ಟೇಪು ಹಿಡಿದು ಅಗಲ, ಎತ್ತರ ಬರೆದುಕೊಳ್ಳುತ್ತಾರೆ. ವಾರ ಕಳೆಯುವುದರೊಳಗೆ ಒಂದು ಶಟರ್ ಬಂದು ಕೂರುತ್ತದೆ. ಮನೆಯ ಅತಿ ಅಗಲದ, ಅತಿ ಭಾರದ, ದಿನವೂ ಏರಿಳಿಯಬೇಕಾದ ಬಾಗಿಲು ಹೀಗೆ ಅರ್ಧ ಗಂಟೆಯ ಮಾತಿನಲ್ಲಿ ತೀರ್ಮಾನವಾಗುತ್ತದೆ.

ಮಂಗಳೂರಿನ ಬಿಜೈಯಲ್ಲಿ ಈ ಅವಸರ ದುಬಾರಿ. ಕದ್ರಿ ಗುಡ್ಡದ ಇಳಿಜಾರಿನಿಂದ ಕಾಪಿಕಾಡ್, ಆನೆಗುಂಡಿಯ ಕಡೆಗೆ ಹರಡಿದ ಈ ಭಾಗದಲ್ಲಿ ಏರು, ತಗ್ಗು ಎರಡೂ ಇವೆ. ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಹಳೆಯ ಮನೆಯ ಪಕ್ಕದಲ್ಲೇ ಹತ್ತು ಮಹಡಿಯ ಫ್ಲಾಟು ಎದ್ದಿದೆ. ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಸುತ್ತ ವಾಹನಗಳ ಸಾಲು ಕರಗುವುದೇ ಇಲ್ಲ. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಎರಡು ಕಾರು ಎದುರುಬದುರಾದಾಗ ಒಂದು ಹಿಂದೆ ಸರಿಯಬೇಕಾದ ಓಣಿಗಳಿವೆ. ಈ ಎಲ್ಲ ಕಟ್ಟಡಗಳಿಗೂ ಒಂದೇ ನಮೂನೆಯ ಬಾಗಿಲು ಒಗ್ಗುವುದಿಲ್ಲ.

ಈ ಬರಹದಲ್ಲಿ ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ನಮ್ಮ ಕರಾವಳಿಯಲ್ಲಿ ಶೆಡ್ಡಿನ ಬಾಗಿಲಿಗೆ ಕಳ್ಳನಿಗಿಂತ ದೊಡ್ಡ ಶತ್ರು ತೇವ. ಗಾಳಿಯನ್ನು ಒಳಗೆ ಬಿಡುವ, ನೀರನ್ನು ಹೊರಗೆ ಕಳಿಸುವ, ಕರೆಂಟು ಹೋದಾಗ ಮನೆಯವರ ಕೈಗೆ ಬಗ್ಗುವ ಬಾಗಿಲೇ ಇಲ್ಲಿ ಒಳ್ಳೆಯ ಬಾಗಿಲು. ಅದನ್ನು ಆರಿಸುವ ಕೆಲಸ ಕ್ಯಾಟಲಾಗಿನಿಂದಲ್ಲ, ನಿಮ್ಮ ಕಟ್ಟಡದ ಗೋಡೆ, ನೆಲ ಮತ್ತು ಮಾಡಿನಿಂದ ಶುರುವಾಗಬೇಕು.

ಮೊದಲು, ಬಾಗಿಲು ಬೇಕೇ?

ಕಾರಿಗೆ ಬೇಕಾದದ್ದು ಮೊದಲಿಗೆ ಮಾಡು. ಬಿಸಿಲು ಮತ್ತು ಮಳೆ ನೇರವಾಗಿ ಬೀಳದಿದ್ದರೆ ಬಣ್ಣ, ರಬ್ಬರು, ಸೀಟು ಉಳಿಯುತ್ತವೆ. ಕಂಪೌಂಡಿಗೆ ಗಟ್ಟಿ ಗೇಟ್ ಇದ್ದು, ಮನೆಯಲ್ಲಿ ಸದಾ ಜನರಿದ್ದರೆ, ಮೂರು ಕಡೆ ಗೋಡೆಯಿರುವ ಶೆಡ್ಡಿಗೆ ನಾಲ್ಕನೆಯ ಕಡೆ ಮುಚ್ಚದೆ ಬಿಟ್ಟರೂ ನಡೆಯುತ್ತದೆ. ಶೆಡ್ಡಿನಲ್ಲಿ ಸೈಕಲ್, ಹಳೆಯ ಪಾತ್ರೆ, ತೆಂಗಿನಕಾಯಿ, ಇನ್ವರ್ಟರ್, ಪಂಪಿನ ಸಾಮಾನು ಇಡುವವರಿಗೆ, ಶೆಡ್ಡು ನೇರವಾಗಿ ರಸ್ತೆಗೇ ತೆರೆದುಕೊಳ್ಳುವವರಿಗೆ, ಮಕ್ಕಳು ಗಲ್ಫಿನಲ್ಲಿದ್ದು ವರ್ಷದ ಹಲವು ತಿಂಗಳು ಮನೆಗೆ ಬೀಗ ಹಾಕಿರುವವರಿಗೆ ಬಾಗಿಲು ಬೇಕೇ ಬೇಕು. ಏನನ್ನು ಕಾಯಬೇಕು ಎಂಬುದು ಸ್ಪಷ್ಟವಾದರೆ ಎಷ್ಟು ಮುಚ್ಚಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಫ್ಲಾಟಿನಲ್ಲಿರುವವರ ಪ್ರಶ್ನೆ ಬೇರೆ. ಸ್ಟಿಲ್ಟ್ ಪಾರ್ಕಿಂಗಿನಲ್ಲಿ, ಅಂದರೆ ಕಟ್ಟಡದ ಬುಡದಲ್ಲಿ ಕಂಬಗಳ ನಡುವೆ, ತಮಗೆ ಗುರುತಿಸಿಕೊಟ್ಟ ಜಾಗಕ್ಕೆ ಶಟರ್ ಹಾಕಿಸಿ ಕೋಣೆ ಮಾಡಿಕೊಳ್ಳುವ ಆಸೆ ಹಲವರಿಗಿದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಮಾಡು ಇದ್ದು ಮೂರು ಕಡೆ ಗೋಡೆ ಇರುವ ಜಾಗವನ್ನು ಮಾತ್ರ ಗ್ಯಾರೇಜ್ ಎಂದು ಕರೆಯುತ್ತದೆ. ಗೋಡೆಯಿಲ್ಲದ, ತೆರೆದ ಪಾರ್ಕಿಂಗ್ ಜಾಗ ಅದರೊಳಗೆ ಬರುವುದಿಲ್ಲ. ಮಹಾರಾಷ್ಟ್ರದ ಫ್ಲಾಟು ಕಾನೂನಿಗೆ ಸಂಬಂಧಿಸಿದ ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಆಗಸ್ಟ್ 31ರಂದು, ಸ್ಟಿಲ್ಟಿನ ಪಾರ್ಕಿಂಗನ್ನು ಬಿಲ್ಡರು ಪ್ರತ್ಯೇಕ ಗ್ಯಾರೇಜಿನಂತೆ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ ಭಾಗ ಎಂದು ಹೇಳಿತು. ಸ್ಟಿಲ್ಟಿನ ಕೆಳಗೆ ಒಬ್ಬೊಬ್ಬರೇ ಗೋಡೆ, ಶಟರ್ ಎಬ್ಬಿಸಿದರೆ ಗಾಳಿ ನಿಲ್ಲುತ್ತದೆ, ಬೆಂಕಿ ಬಿದ್ದಾಗ ಹೊರಗೆ ಓಡುವ ದಾರಿ ಕಟ್ಟುತ್ತದೆ. ಆದ್ದರಿಂದ ಫ್ಲಾಟಿನವರು ಕ್ರಯಪತ್ರ ಓದಿ, ಮಂಜೂರಾದ ನಕ್ಷೆ ನೋಡಿ, ಅಸೋಸಿಯೇಶನ್ನಿನ ಒಪ್ಪಿಗೆ ಲಿಖಿತವಾಗಿ ಪಡೆದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು. ಇಡೀ ಕಟ್ಟಡಕ್ಕೆ ಒಂದು ಒಳ್ಳೆಯ ಗೇಟ್, ಅದಕ್ಕೆ ತಕ್ಕ ದೀಪ ಮತ್ತು ಕ್ಯಾಮೆರಾ ಇದ್ದರೆ ಹೆಚ್ಚಿನ ಕಡೆ ಅಷ್ಟೇ ಸಾಕು.

ಟೇಪು ಹಿಡಿಯಬೇಕಾದ ಜಾಗಗಳು

ಹಳೆಯ ಶೆಡ್ಡುಗಳು ಫಿಯೆಟ್, ಅಂಬಾಸಿಡರ್ ಕಾಲದವು. ಪ್ರೀಮಿಯರ್ ಪದ್ಮಿನಿಯ ಅಗಲ ಒಂದೂವರೆ ಮೀಟರಿಗೂ ಕಡಿಮೆ. ಅಂಬಾಸಿಡರಿನದು 1.7 ಮೀಟರಿನೊಳಗೆ. ಇಂದಿನ ಸ್ವಿಫ್ಟೇ ಸುಮಾರು 1.73 ಮೀಟರ್ ಅಗಲ, ಕ್ರೆಟಾ 1.79, ಇನ್ನೋವಾ ಕ್ರಿಸ್ಟಾ 1.83. ಈ ಅಳತೆಗಳಲ್ಲಿ ಪಕ್ಕದ ಕನ್ನಡಿಗಳು ಸೇರಿಲ್ಲ. ಎರಡೂ ಕನ್ನಡಿ ಬಿಚ್ಚಿಕೊಂಡರೆ ದೊಡ್ಡ ಕಾರು ಎರಡು ಮೀಟರ್ ದಾಟುತ್ತದೆ. ಏಳು ಅಡಿ, ಅಂದರೆ 2.13 ಮೀಟರಿನ ಹಳೆಯ ತೆರಪಿನಲ್ಲಿ ಅಂಥ ಕಾರು ನುಗ್ಗಿದರೆ ಎರಡೂ ಬದಿಯಲ್ಲಿ ಬೆರಳಿನಷ್ಟೇ ಜಾಗ ಉಳಿಯುತ್ತದೆ.

ಬಾಗಿಲು ಕೂರಿಸಿದ ಮೇಲೆ ಆ ತೆರಪು ಇನ್ನೂ ಕಿರಿದಾಗುತ್ತದೆ. ರೋಲಿಂಗ್ ಶಟರಿನ ಪಟ್ಟಿಗಳು ಏರಿಳಿಯುವ ಗೈಡ್ ಚಾನೆಲ್ ಎರಡೂ ಬದಿಯಲ್ಲಿ ಜಾಗ ಕೇಳುತ್ತದೆ. ಸಾಮಾನ್ಯ ಅಗಲದ ಶಟರಿಗೆ ಕನಿಷ್ಠ 65 ಮಿಲಿಮೀಟರ್ ಆಳದ ಚಾನೆಲ್ ಇರಬೇಕು. ಅದನ್ನು ತೆರಪಿನ ಒಳಗೆ ಕೂರಿಸಿದರೆ ಎರಡು ಬದಿ ಸೇರಿ ಐದಿಂಚಿನಷ್ಟು ಅಗಲ ಹೋಯಿತು. ಗೋಡೆಯ ಹಿಂಬದಿಗೆ ಕೂರಿಸಿದರೆ ಪೂರ್ತಿ ಅಗಲ ಉಳಿಯುತ್ತದೆ. ಹೊಸದಾಗಿ ಕಟ್ಟುವವರು ಒಂದು ಕಾರಿಗೆ ಒಂಬತ್ತು ಅಡಿಯ, ಅಂದರೆ 2.7 ಮೀಟರಿನಷ್ಟು ಖಾಲಿ ತೆರಪು ಬಿಡುವುದು ಒಳ್ಳೆಯದು. ಕಾರನ್ನು ಓಣಿಯಿಂದ ತಿರುಗಿಸಿಯೇ ಒಳಗೆ ತರಬೇಕಿದ್ದರೆ ಇನ್ನೂ ಒಂದಡಿ ಹೆಚ್ಚು ಬೇಕು.

ಎತ್ತರದ ಲೆಕ್ಕ ಎರಡು. ಕಾರು ಹೋಗುವ ಎತ್ತರ ಒಂದು, ಬಾಗಿಲು ಮೇಲೆ ಕೂರುವ ಎತ್ತರ ಇನ್ನೊಂದು. ಶೆಡ್ಡಿನ ಒಳಗೆ ತಲೆಯೆತ್ತರ ಕನಿಷ್ಠ 2.4 ಮೀಟರ್ ಇರಲಿ ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ರೋಲಿಂಗ್ ಶಟರ್ ಸುತ್ತಿಕೊಂಡಾಗ ಆಗುವ ಸುರುಳಿಗೆ ತೆರಪಿನ ಮೇಲೆ ಒಂದಡಿ, ಒಂದೂಕಾಲು ಅಡಿ ಜಾಗ ಬೇಕು. ಹಂಚಿನ ಮಾಡಿನ ಶೆಡ್ಡಿನಲ್ಲಿ ಮುಂದಿನ ಅಡ್ಡ ತೊಲೆ ತಗ್ಗಿನಲ್ಲಿರುತ್ತದೆ, ಅಲ್ಲಿ ಆ ಜಾಗ ಸಿಗುವುದು ಕಷ್ಟ. ಸಿಗದಿದ್ದಾಗ ಸುರುಳಿಯನ್ನು ತೆರಪಿನೊಳಗೇ ಇಳಿಸಿ ಕೂರಿಸಿಬಿಡುತ್ತಾರೆ. ಆಮೇಲೆ ಕಾರಿನ ಮೇಲೆ ಕ್ಯಾರಿಯರ್ ಹಾಕಿದ ದಿನ ತೊಂದರೆ ಗೊತ್ತಾಗುತ್ತದೆ.

ಇನ್ನು ಗೋಡೆ. ಮುರಕಲ್ಲು ನಮ್ಮ ಹವೆಗೆ ಒಗ್ಗಿದ ಒಳ್ಳೆಯ ಕಲ್ಲು, ಆದರೆ ಮೆದು, ತೂತುಗಳಿರುವ ಕಲ್ಲು. ಶಟರಿನ ಇಡೀ ಭಾರ ಎರಡು ಬದಿಯ ಬ್ರಾಕೆಟ್ಟುಗಳ ಮೇಲೆ ನಿಂತಿರುತ್ತದೆ. ಮುರಕಲ್ಲಿಗೆ ನೇರವಾಗಿ ಆ್ಯಂಕರ್ ಬೋಲ್ಟ್ ಹೊಡೆದರೆ ಮೊದಲ ವರ್ಷ ಏನೂ ಆಗುವುದಿಲ್ಲ. ಪ್ರತಿದಿನದ ಅಲುಗಾಟಕ್ಕೆ ಕಲ್ಲು ನಿಧಾನವಾಗಿ ಪುಡಿಯಾಗಿ ಬೋಲ್ಟ್ ಸಡಿಲವಾಗುತ್ತದೆ. ತೆರಪಿನ ಎರಡೂ ಬದಿಗೆ ಕಾಂಕ್ರೀಟಿನ ಕಂಬ, ಮೇಲೆ ಲಿಂಟಲ್ ಎರಕ ಹಾಕಿ ಬ್ರಾಕೆಟ್ಟನ್ನು ಅದಕ್ಕೆ ಹಿಡಿಸಬೇಕು. ಹಳೆಯ ಶೆಡ್ಡಿನಲ್ಲಿ ಅದು ಸಾಧ್ಯವಿಲ್ಲದಿದ್ದರೆ ನೆಲದಿಂದಲೇ ಎದ್ದ ಉಕ್ಕಿನ ಚೌಕಟ್ಟು ನಿಲ್ಲಿಸಿ ಭಾರವನ್ನು ಅದರ ಮೇಲೆ ಬಿಡಬಹುದು.

ಇಳಿಜಾರನ್ನು ಕೊನೆಗೆ ಅಳೆಯುತ್ತಾರೆ, ಅಥವಾ ಅಳೆಯುವುದೇ ಇಲ್ಲ. ಬಿಜೈಯಲ್ಲಿ ರಸ್ತೆಯಿಂದ ಅಂಗಳಕ್ಕೆ ಏರಿ ಹೋಗುವ ಮನೆಗಳು ಬಹಳ. ಅಲ್ಲಿ ಒಳಗೆ ತೆರೆಯುವ ಗೇಟಿನ ಬುಡ ಅರ್ಧಕ್ಕೇ ನೆಲಕ್ಕೆ ತಾಗಿ ನಿಲ್ಲುತ್ತದೆ. ಅದಕ್ಕೆಂದು ಹೊರಗೆ ತೆರೆಯುವಂತೆ ಮಾಡಿಸಿದರೆ ಗೇಟು ಚರಂಡಿ, ಫುಟ್‌ಪಾತ್ ದಾಟಿ ರಸ್ತೆಗೆ ಬರುತ್ತದೆ. ಕಂಪೌಂಡಿನ ಗೇಟು ಪೂರ್ತಿಯಾಗಿ ಸ್ವಂತ ಜಾಗದೊಳಗೇ ತೆರೆಯಬೇಕೆಂಬುದು ಕಟ್ಟಡ ಸಂಹಿತೆಯ ನಿಯಮ. ನಡೆದು ಹೋಗುವ ಮಗು, ಸ್ಕೂಟರಿನಲ್ಲಿ ಬರುವವರು ಅದರ ಮುಂದೆ ಸಿಕ್ಕಿಬೀಳಬಾರದು ಎಂಬುದು ಆ ನಿಯಮದ ಹಿಂದಿರುವ ಕಾಳಜಿ. ಇಂಥ ಏರಿನಲ್ಲಿ ಜಾರುವ ಗೇಟು ಅಥವಾ ಮೇಲಕ್ಕೆ ಸುತ್ತುವ ಶಟರ್ ಸರಿ.

ಯಾವ ನಮೂನೆ, ಯಾವ ಮನೆಗೆ

ಮಡಿಸುವ ಅಥವಾ ಎರಡು ರೆಕ್ಕೆಯ ಬಾಗಿಲು ಅತಿ ಸರಳ. ಬಿಜಾಗರಿ, ಚಿಲಕ, ಬೀಗ, ಇಷ್ಟೇ. ಕೆಟ್ಟರೆ ಯಾವ ವೆಲ್ಡರ್ ಬೇಕಾದರೂ ರಿಪೇರಿ ಮಾಡುತ್ತಾರೆ. ಮುಂದೆ ಸಮತಟ್ಟಾದ ಅಂಗಳ ಇರುವ ಹಂಚಿನ ಮನೆಗೆ ಇದಕ್ಕಿಂತ ಒಪ್ಪುವ ಬಾಗಿಲು ಇನ್ನೊಂದಿಲ್ಲ. ಹಳೆಯ ಮರದ ರೆಕ್ಕೆಗಳಿದ್ದರೆ ಅವನ್ನು ಕಿತ್ತು ಎಸೆಯುವ ಮೊದಲು ಬಡಗಿಯೊಬ್ಬರಿಗೆ ತೋರಿಸಿ. ಸಾಮಾನ್ಯವಾಗಿ ಕೊಳೆತಿರುವುದು ನೆಲದ ಹತ್ತಿರದ ಅಡ್ಡಪಟ್ಟಿ ಮಾತ್ರ. ಅದನ್ನು ಬದಲಿಸಿ, ನೆಲದಿಂದ ಒಂದಿಂಚು ಮೇಲೆತ್ತಿ, ತುದಿಗಳಿಗೆ ಎಣ್ಣೆ ಕುಡಿಸಿದರೆ ಇನ್ನೊಂದು ತಲೆಮಾರು ಬಾಳುತ್ತದೆ. ಹೊಸ ಮರದ ಬಾಗಿಲು ಮಾಡಿಸುವವರು ಒಂದನ್ನು ನೆನಪಿಡಬೇಕು. ಮರ ಆಟಿ ತಿಂಗಳ ತೇವಕ್ಕೆ ಉಬ್ಬುತ್ತದೆ, ಜನವರಿಯ ಒಣ ಗಾಳಿಗೆ ಕುಗ್ಗುತ್ತದೆ. ಬೇಸಗೆಯಲ್ಲಿ ಕೂದಲೆಳೆಯೂ ನುಸುಳದಂತೆ ಕೂರಿಸಿದ ಬಾಗಿಲು ಜೂನಿನಲ್ಲಿ ತೆರೆಯುವುದಿಲ್ಲ.

ಜಾರುವ ಗೇಟಿಗೆ ಪಕ್ಕದಲ್ಲಿ ತೆರಪಿನಷ್ಟೇ ಉದ್ದದ ಖಾಲಿ ಗೋಡೆ ಬೇಕು, ಮಟ್ಟವಾದ ಹಳಿ ಬೇಕು. ಮಳೆಗಾಲದಲ್ಲಿ ಆ ಹಳಿಯಲ್ಲಿ ಮಣ್ಣು, ಎಲೆ, ಜಲ್ಲಿ ತುಂಬುತ್ತದೆ. ಗುಡಿಸುವವರಿಲ್ಲದ ಮನೆಗೆ ಇದು ಬೇಡ. ಜಾರುವ ಗೇಟಿನ ದೊಡ್ಡ ಅಪಾಯ ಅದು ಹಳಿ ತಪ್ಪಿ ಬೀಳುವುದು. ಎರಡೂ ತುದಿಯಲ್ಲಿ ಗಟ್ಟಿ ಸ್ಟಾಪರ್, ಮೇಲ್ಭಾಗದಲ್ಲಿ ಗೇಟನ್ನು ಹಿಡಿದಿಡುವ ರೋಲರುಗಳು ಇಲ್ಲದೆ ಅದನ್ನು ಬಳಕೆಗೆ ಬಿಡಲೇಬಾರದು. ಮಕ್ಕಳಿರುವ ಮನೆಯಲ್ಲಿ ಇದರ ಬಗ್ಗೆ ರಾಜಿ ಸಲ್ಲದು.

ರೋಲಿಂಗ್ ಶಟರ್ ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು, ಏಕೆಂದರೆ ಅದು ಅಂಗಳವನ್ನೂ ಕೇಳುವುದಿಲ್ಲ, ಪಕ್ಕದ ಗೋಡೆಯನ್ನೂ ಕೇಳುವುದಿಲ್ಲ. ಸರ್ಕಾರಿ ಕಟ್ಟಡಗಳ ನಿರ್ದಿಷ್ಟತೆಯಲ್ಲಿ 80 ಮಿಲಿಮೀಟರ್ ಅಗಲ, 1.25 ಮಿಲಿಮೀಟರ್ ದಪ್ಪದ ಪಟ್ಟಿ ಸಾಮಾನ್ಯ. ಕೈಯಿಂದ ಎತ್ತುವ ಶಟರಿನ ಮಿತಿ ಸುಮಾರು 10 ಚದರ ಮೀಟರ್. ಅದಕ್ಕಿಂತ ದೊಡ್ಡದಾದರೆ ಸರಪಳಿ ಅಥವಾ ಹ್ಯಾಂಡಲಿನ ಗೇರ್ ಬೇಕು. ಒಂದು ಕಾರಿನ 2.7 ಮೀಟರ್ ಅಗಲ, 2.1 ಮೀಟರ್ ಎತ್ತರದ ಶಟರ್ ಆರು ಚದರ ಮೀಟರಿನೊಳಗೆ ಮುಗಿಯುತ್ತದೆ, ಸ್ಪ್ರಿಂಗ್ ಸರಿಯಿದ್ದರೆ ಕೈಗೆ ಹಗುರ. ಎರಡು ಕಾರಿಗೆ ಸೇರಿಸಿ ಒಂದೇ ಐದು ಮೀಟರಿನ ಶಟರ್ ಹಾಕಿಸಿದರೆ ಅದು ಮಿತಿ ದಾಟುತ್ತದೆ. ನಡುವೆ ಒಂದು ಕಂಬ ನಿಲ್ಲಿಸಿ ಎರಡು ಶಟರ್ ಮಾಡಿಸುವುದು ಜಾಣತನ. ಒಂದು ಕೆಟ್ಟರೂ ಇನ್ನೊಂದು ಕಾರು ಹೊರಗೆ ಬರುತ್ತದೆ.

ಈಗ ಹೊಸ ಮನೆಗಳಲ್ಲಿ ಅಡ್ಡಲಾಗಿ ಫಲಕ ಫಲಕವಾಗಿ ಮೇಲೇರಿ ಮಾಡಿನ ಕೆಳಗೆ ಮಲಗುವ ಸೆಕ್ಷನಲ್ ಬಾಗಿಲು ಕಾಣುತ್ತಿದೆ. ಅಮೆರಿಕದ ಸಿ.ಜಿ. ಜಾನ್ಸನ್ 1921ರಲ್ಲಿ ಮೇಲಕ್ಕೆತ್ತುವ ಬಾಗಿಲನ್ನೂ 1926ರಲ್ಲಿ ಅದನ್ನು ತೆರೆಯುವ ವಿದ್ಯುತ್ ಯಂತ್ರವನ್ನೂ ತಂದರು. ಆ ದೇಶದ ಚಳಿಗೆ ಅದು ಹೇಳಿಮಾಡಿಸಿದ್ದು. ಮನೆಗೆ ಅಂಟಿಕೊಂಡ ಶೆಡ್ಡಿನಿಂದ ಬಿಸಿ ಸೋರದಂತೆ ಫಲಕದೊಳಗೆ ಫೋಮ್ ತುಂಬುತ್ತಾರೆ, ಅಂಚುಗಳಿಗೆ ರಬ್ಬರು ಹಚ್ಚಿ ಗಾಳಿ ನುಸುಳದಂತೆ ಮಾಡುತ್ತಾರೆ. ಜನವರಿಯ ನಸುಕಿನಲ್ಲೂ 20 ಡಿಗ್ರಿಯ ಆಸುಪಾಸಿನಲ್ಲಿರುವ ಮಂಗಳೂರಿಗೆ ಆ ಗುಣ ಬೇಕಿಲ್ಲ. ಗಾಳಿಯಾಡದ ಬಾಗಿಲು ಇಲ್ಲಿ ತೊಂದರೆಯನ್ನೇ ತರುತ್ತದೆ. ಹಾಕಿಸುವುದೇ ಆದರೆ ಬಾಗಿಲಿನ ಎತ್ತರದಷ್ಟೇ ಉದ್ದದ ಮಟ್ಟ ಮಾಡು ಒಳಗೆ ಬೇಕು, ಗಾಳಿಗೆ ಬೇರೆ ಕಿಂಡಿ ಬೇಕು, ಮತ್ತು ಸ್ಪ್ರಿಂಗ್ ಸರಿಪಡಿಸಬಲ್ಲ ಮೆಕ್ಯಾನಿಕ್ ಊರಿನಲ್ಲೇ ಇದ್ದಾರೆಯೇ ಎಂಬುದು ಮೊದಲೇ ಗೊತ್ತಿರಬೇಕು.

ಒದ್ದೆ ಕಾರು, ಮುಚ್ಚಿದ ಶೆಡ್ಡು

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಪ್ರತಿ ಸಂಜೆ ಕಾರು ಒದ್ದೆಯಾಗಿ ಮನೆಗೆ ಬರುತ್ತದೆ. ಚಕ್ರದ ಕಮಾನಿನಲ್ಲಿ ಕೆಸರು, ಬಾನೆಟ್ಟಿನಡಿ ಬಿಸಿ, ನೆಲದ ಮೇಲೆ ತೊಟ್ಟಿಕ್ಕಿದ ನೀರು. ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿದ ಶೆಡ್ಡಿನೊಳಗೆ ಆ ನೀರು ಆರಿ ಹೋಗಲು ಜಾಗವಿಲ್ಲ. ಬಿಸಿ ಮತ್ತು ತೇವ ಸೇರಿದಲ್ಲಿ ತುಕ್ಕು ವೇಗವಾಗಿ ಹಬ್ಬುತ್ತದೆ, ಸೀಟಿಗೆ ಬೂಷ್ಟು ಹಿಡಿಯುತ್ತದೆ. ಕಾರನ್ನು ಕಾಪಾಡಲೆಂದು ಹಾಕಿದ ಬಾಗಿಲೇ ಅದರ ಆಯುಸ್ಸು ಕಡಿಮೆ ಮಾಡುತ್ತದೆ.

ಆದ್ದರಿಂದ ನನ್ನ ಶಿಫಾರಸು ಗ್ರಿಲ್ ಶಟರ್ ಅಥವಾ ತೂತು ಪಟ್ಟಿಯ ಶಟರ್. ರಸ್ತೆಯಿಂದ ಒಳಗೆ ಕಾಣಬಾರದು ಎನ್ನುವವರು ಕೆಳಗಿನ ಭಾಗಕ್ಕೆ ಮುಚ್ಚಿದ ಪಟ್ಟಿ, ಮೇಲಿನ ಎರಡಡಿಗೆ ಗ್ರಿಲ್ ಮಾಡಿಸಿಕೊಳ್ಳಬಹುದು. ಹಿಂದಿನ ಗೋಡೆಯಲ್ಲಿ ಎತ್ತರದಲ್ಲೊಂದು ಜಾಲಿ ಕಿಂಡಿ ಇದ್ದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ವೈರು ಕಡಿಯುವ ಇಲಿಗಳಿಗೆ, ಹಾವುಗಳಿಗೆ ಹೆದರುವವರು ಗ್ರಿಲ್ಲಿನ ಹಿಂದೆ ಸಣ್ಣ ಕಣ್ಣಿನ ಸ್ಟೈನ್‌ಲೆಸ್ ಬಲೆ ಹಚ್ಚಿಸಲಿ.

ಗಾಳಿಯ ವಿಷಯ ತುಕ್ಕಿಗೆ ಮಾತ್ರ ಸೇರಿದ್ದಲ್ಲ. ಬಾಗಿಲು ಮುಚ್ಚಿಕೊಂಡು ಇಂಜಿನ್ ಚಾಲೂ ಮಾಡಿದರೆ, ಜನರೇಟರ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಶೆಡ್ಡಿನಲ್ಲಿಟ್ಟ ಇನ್ವರ್ಟರಿನ ಸೀಸ-ಆ್ಯಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಬೆಂಕಿ ಹಿಡಿಯುವ ಅನಿಲ. ಇಂಥ ಯಂತ್ರಗಳಿರುವ ಶೆಡ್ಡಿಗೆ ಗಾಳಿಯ ದಾರಿ ಇರಲೇಬೇಕು.

ನೀರಿನದು ಇನ್ನೊಂದು ಲೆಕ್ಕ. 2018ರ ಮೇ 29ರಂದು ಮುಂಗಾರಿನ ಮೊದಲ ದೊಡ್ಡ ಮಳೆಗೆ ನಗರದ ತಗ್ಗು ಪ್ರದೇಶಗಳು ಮುಳುಗಿದ್ದನ್ನು ಮಂಗಳೂರಿನವರು ಮರೆತಿಲ್ಲ. ಅಂಥ ನೀರನ್ನು ಶಟರಿನ ಬುಡಕ್ಕೆ ಹಚ್ಚಿದ ರಬ್ಬರು ಪಟ್ಟಿ ತಡೆಯುವುದಿಲ್ಲ. ಅದನ್ನು ತಡೆಯಬೇಕಾದದ್ದು ನೆಲ. ರಸ್ತೆಗಿಂತ ತಗ್ಗಿನಲ್ಲಿರುವ ಶೆಡ್ಡಿಗೆ ಇಳಿಯುವ ಮುನ್ನ ಒಂದು ಸಣ್ಣ ಉಬ್ಬು ಎಬ್ಬಿಸಿ, ಬಾಗಿಲಿನ ಹೊರಬದಿಗೆ ಅಡ್ಡ ಚರಂಡಿ ತೆಗೆದು ಕಬ್ಬಿಣದ ಜಾಲರಿ ಮುಚ್ಚಬೇಕು. ಮಾಡಿನ ನೀರು ಬಾಗಿಲಿನ ಮೇಲೇ ಸುರಿಯದಂತೆ ದಂಬೆ ಕಟ್ಟಿ ಪಕ್ಕಕ್ಕೆ ತಿರುಗಿಸಬೇಕು. ಬಾಗಿಲಿನ ಮೇಲೆ ಎರಡಡಿ ಮುಂಚಾಚಿದ ಸಜ್ಜೆ ಇದ್ದರೆ ಯಾವ ಬಣ್ಣದ ಡಬ್ಬಿಗಿಂತಲೂ ಅದು ಹೆಚ್ಚು ಉಪಕಾರಿ.

ಲೋಹ ಯಾವುದು

ಸಮುದ್ರ ಬಿಜೈಗೆ ಕೆಲವೇ ಕಿಲೋಮೀಟರ್ ದೂರ. ಪಶ್ಚಿಮದ ಗಾಳಿ ಉಪ್ಪಿನ ಸೂಕ್ಷ್ಮ ಕಣಗಳನ್ನು ಹೊತ್ತು ತರುತ್ತದೆ. ಉಪ್ಪು ತೇವವನ್ನು ಎಳೆದು ಹಿಡಿದುಕೊಳ್ಳುವುದರಿಂದ ಮಳೆಯಿಲ್ಲದ ದಿನವೂ ಕಬ್ಬಿಣದ ಮೇಲೆ ತೆಳ್ಳನೆಯ ನೀರಿನ ಪೊರೆ ಇರುತ್ತದೆ. ಇಲ್ಲಿ ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಮಳೆ ಬಡಿಯುವ ಹೊರಮೈಯಿಂದ ಉಪ್ಪು ತೊಳೆದು ಹೋಗುತ್ತದೆ. ಮಳೆ ತಾಗದ ಒಳಮೈ, ಪಟ್ಟಿಗಳ ಮಡಿಕೆ, ಗೈಡ್ ಚಾನೆಲ್ಲಿನ ಒಳಭಾಗ, ಸುರುಳಿಯ ಮೇಲಿನ ಕವರು, ಇಲ್ಲೆಲ್ಲ ಉಪ್ಪು ಕೂತಲ್ಲೇ ಕೂರುತ್ತದೆ. ಹೊರಗೆ ಹೊಳೆಯುವ ಶಟರ್ ಒಳಗಿನಿಂದ ತಿಂದುಹೋಗುವುದು ಹೀಗೆ. ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಆಗಾಗ ಒಳಮೈಗೂ ಸಿಹಿನೀರು ಹಾಯಿಸಿ ತೊಳೆದು ಒಣಗಿಸುವುದು ಅಗ್ಗದ ಮದ್ದು.

ಬರಿಯ ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮಲ್ ಹೊಡೆದರೆ ಇಲ್ಲಿ ಕೆಲವೇ ಮಳೆಗಾಲ ಬಾಳುತ್ತದೆ. ಸತು ಲೇಪಿಸಿದ ಉಕ್ಕು, ಅಂದರೆ ಜಿಐ, ಕನಿಷ್ಠ ಬೇಡಿಕೆಯಾಗಿರಲಿ. ಗೀರು ಬಿದ್ದಲ್ಲಿಯೂ ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಆದರೆ ಜಿಐ ಪೈಪಿನಲ್ಲಿ ಗೇಟು ಮಾಡುವಾಗ ವೆಲ್ಡಿಂಗಿನ ಬಿಸಿಗೆ ಜೋಡಣೆಯ ಜಾಗದ ಸತು ಉರಿದು ಹೋಗುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ. ವೆಲ್ಡಿಂಗಿನ ಮಸಿ ಉಜ್ಜಿ ತೆಗೆದು, ಸತು ತುಂಬಿದ ಪ್ರೈಮರ್ ಹಚ್ಚಿ, ಎಪಾಕ್ಸಿ ಹೊಡೆಯುವುದನ್ನು ನಿಂತು ನೋಡಿ ಮಾಡಿಸಬೇಕು. ಪೈಪಿನ ಮೇಲ್ತುದಿ ಮುಚ್ಚಿರಲಿ, ಕೆಳತುದಿಯಲ್ಲಿ ನೀರಿಳಿಯಲು ಸಣ್ಣ ತೂತಿರಲಿ.

ಅಲ್ಯುಮಿನಿಯಮ್ ತುಕ್ಕು ಹಿಡಿದು ಉದುರುವುದಿಲ್ಲ. ತೂಕವೂ ಉಕ್ಕಿನ ಮೂರನೆಯ ಒಂದರಷ್ಟು, ಆದ್ದರಿಂದ ವಯಸ್ಸಾದವರ ಕೈಗೆ ಹಗುರ. ಬೆಲೆ ಹೆಚ್ಚು, ಒಡೆಯುವವರಿಗೆ ತಡೆ ಕಡಿಮೆ. ಅದಕ್ಕೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಎರಡು ಲೋಹ ತಾಗಿದಲ್ಲಿ ಉಪ್ಪುನೀರು ಸೇರಿ ಸವೆತ ಶುರುವಾಗುತ್ತದೆ. ಸ್ಟೈನ್‌ಲೆಸ್ ಸ್ಟೀಲ್ ಆರಿಸುವವರಿಗೆ 304ಕ್ಕಿಂತ 316 ದರ್ಜೆ ಉಪ್ಪಿನ ಗಾಳಿಗೆ ಒಳ್ಳೆಯದು, ಅದರಲ್ಲಿ ಮಾಲಿಬ್ಡಿನಮ್ ಇದೆ. ಇಡೀ ಬಾಗಿಲಿಗೆ ಆ ಖರ್ಚು ಬೇಕಿಲ್ಲ. ನೆಲಕ್ಕೆ ತಾಗುವ ಕೆಳಪಟ್ಟಿ, ಬೋಲ್ಟು, ಬೀಗದ ಕೊಂಡಿ ಸ್ಟೈನ್‌ಲೆಸ್ ಆದರೂ ದೊಡ್ಡ ವ್ಯತ್ಯಾಸವಾಗುತ್ತದೆ.

ಗಾಳಿಯ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಭಾರತೀಯ ಮಾನಕದಲ್ಲಿ ಮಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಗಂಟೆಗೆ ಸುಮಾರು 140 ಕಿಲೋಮೀಟರ್. ಆ ವೇಗದ ಗಾಳಿ ಅಡೆತಡೆಯಿಲ್ಲದೆ ಬಡಿದರೆ ಒಂದು ಚದರ ಮೀಟರಿನ ಮೇಲೆ 90 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಆರು ಚದರ ಮೀಟರಿನ ಮುಚ್ಚಿದ ಶಟರಿಗೆ ಅದು ಐನೂರು ಕಿಲೋ ದಾಟುತ್ತದೆ. ಸುತ್ತ ಕಟ್ಟಡ, ಮರಗಳಿದ್ದರೆ ಅಷ್ಟು ಬೀಳುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಬದಿಯಲ್ಲೇ ಹಾದುಹೋದುದನ್ನು ನೋಡಿದವರಿಗೆ ಈ ಲೆಕ್ಕ ಅತಿಯೆನಿಸದು. ಅಗಲ ಹೆಚ್ಚಾದಷ್ಟೂ ಪಟ್ಟಿ ಬಾಗಿ ಚಾನೆಲ್ಲಿನಿಂದ ಹೊರಬರುವ ಅಪಾಯ ಹೆಚ್ಚು. ಗುಡ್ಡದ ಮೇಲೆ ಪಶ್ಚಿಮಕ್ಕೆ ಮುಖ ಮಾಡಿದ ಶೆಡ್ಡಿಗೆ ಆಳವಾದ ಚಾನೆಲ್, ಪಟ್ಟಿಯ ತುದಿಗೆ ಕೊಂಡಿ ಬೇಕು. ಗ್ರಿಲ್ಲಿನ ಶಟರ್ ಗಾಳಿಯನ್ನು ಹಾಯಲು ಬಿಡುವುದರಿಂದ ಇಲ್ಲಿಯೂ ಅದಕ್ಕೇ ಮೇಲುಗೈ.

ಯಾರು ತೆರೆಯುತ್ತಾರೆ?

ಬಾಗಿಲಿನ ಅಳತೆ ಕೊಡುವ ಮಗ ದುಬೈಯಲ್ಲಿರುತ್ತಾನೆ, ಬಾಗಿಲು ಎತ್ತಬೇಕಾದವರು ಎಪ್ಪತ್ತು ದಾಟಿದ ಅಪ್ಪ ಅಮ್ಮ. ಬಿಜೈಯಲ್ಲಿ ಇಂಥ ಮನೆಗಳು ಕಡಿಮೆಯಲ್ಲ. ಬಗ್ಗಿ ಬೀಗ ತೆಗೆದು ಶಟರ್ ಎತ್ತುವುದು ಸೊಂಟ ನೋವಿರುವವರಿಗೆ ಶಿಕ್ಷೆ. ಬೀಗ ಸೊಂಟದ ಎತ್ತರಕ್ಕೆ ಬರುವಂತೆ ಮಾಡಿಸಬಹುದು. ಎತ್ತುವ ಕೆಲಸವನ್ನೇ ತಪ್ಪಿಸಲು ಮೋಟಾರ್ ಇದೆ. ಅಂಥ ಮನೆಗೆ ಮೋಟಾರ್ ಅಗತ್ಯ, ಅದನ್ನು ಆಡಂಬರವೆಂದು ತಳ್ಳಿಹಾಕಬಾರದು.

ಮೋಟಾರಿನ ಜೊತೆ ನಾಲ್ಕು ಸಂಗತಿ ಕಡ್ಡಾಯ. ಒಂದು, ಕರೆಂಟು ಹೋದಾಗ ಕೈಯಿಂದ ತೆರೆಯುವ ಸರಪಳಿ ಅಥವಾ ಬಿಡುಗಡೆಯ ಹಿಡಿ, ಅದೂ ಮನೆಯ ವಯಸ್ಸಾದವರ ಕೈಗೆ ಬಗ್ಗುವಂಥದ್ದು. ಶೆಡ್ಡಿಗೆ ಬೇರೆ ಬಾಗಿಲಿಲ್ಲದಿದ್ದರೆ ಹೊರಗಿನಿಂದಲೂ ತೆರೆಯುವ ವ್ಯವಸ್ಥೆ ಬೇಕು. ಮಳೆಗಾಲದಲ್ಲಿ ಮರ ಬಿದ್ದು ಮೆಸ್ಕಾಂ ಲೈನು ಕಡಿದರೆ ರಾತ್ರಿಯೆಲ್ಲ ಕತ್ತಲು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕಾಗಿ ಬರಬಹುದು. ಎರಡು, ಬಾಗಿಲಿನಡಿ ಯಾರಾದರೂ ಸಿಕ್ಕರೆ ನಿಂತು ಹಿಂದಕ್ಕೆ ಸರಿಯುವ ಸೆನ್ಸರ್. ಅಮೆರಿಕದಲ್ಲಿ ಮಕ್ಕಳು ಸಿಕ್ಕಿ ಸತ್ತ ಮೇಲೆ 1993ರಿಂದ ಮನೆಯ ಶೆಡ್ಡಿನ ಬಾಗಿಲು ತೆರೆಯುವ ಎಲ್ಲ ಹೊಸ ಯಂತ್ರಗಳಿಗೆ ಇಂಥ ರಕ್ಷಣೆ ಕಾನೂನಿನಂತೆ ಕಡ್ಡಾಯವಾಯಿತು. ಇಲ್ಲಿ ಅದನ್ನು ನಾವೇ ಕೇಳಿ ಹಾಕಿಸಿಕೊಳ್ಳಬೇಕು. ಮೂರು, ಸರಿಯಾದ ಅರ್ತಿಂಗ್ ಮತ್ತು ಸೋರಿಕೆಯ ಕರೆಂಟಿಗೆ ಟ್ರಿಪ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಒದ್ದೆ ಕೈ, ಒದ್ದೆ ನೆಲ, ಕಬ್ಬಿಣದ ಬಾಗಿಲು ಒಟ್ಟಿಗಿರುವ ಜಾಗ ಅದು. ನಾಲ್ಕು, ಮೇ ತಿಂಗಳ ಗುಡುಗು ಸಿಡಿಲಿಗೆ ಸರ್ಕ್ಯೂಟ್ ಬೋರ್ಡು ಸುಡದಂತೆ ಸರ್ಜ್ ರಕ್ಷಕ.

ಸ್ಪ್ರಿಂಗಿನ ಬಗ್ಗೆಯೂ ತಿಳಿದಿರಬೇಕು. ಮೇಲೆ ಹೋಗುವ ಬಾಗಿಲಿನ ಭಾರವನ್ನು ನಿಜವಾಗಿ ಹೊರುವುದು ಸ್ಪ್ರಿಂಗ್. ಸೆಕ್ಷನಲ್ ಬಾಗಿಲಿನ ಸಾಮಾನ್ಯ ಸ್ಪ್ರಿಂಗ್ 10,000 ಸಲ ತೆರೆದು ಮುಚ್ಚುವಷ್ಟಕ್ಕೆ ತಯಾರಾಗಿರುತ್ತದೆ. ದಿನಕ್ಕೆ ಎರಡು ಸಲವಾದರೆ ಹದಿಮೂರು ವರ್ಷ ದಾಟುತ್ತದೆ, ನಾಲ್ಕು ಸಲವಾದರೆ ಏಳು ವರ್ಷಕ್ಕೆ ಮುಗಿಯುತ್ತದೆ. ನಮ್ಮ ಉಪ್ಪಿನ ತೇವದಲ್ಲಿ ಇನ್ನೂ ಬೇಗ. ಬಿಗಿದ ಸ್ಪ್ರಿಂಗನ್ನು ಮನೆಯವರು ಸ್ಪಾನರ್ ಹಿಡಿದು ಸಡಿಲಿಸಲು ಹೋಗಬಾರದು, ಅದು ಬಿಚ್ಚಿಕೊಂಡರೆ ಕೈ ಮುರಿಯುತ್ತದೆ. ಬೀಗ ಹಾಕಿದ ಮನೆಯ ಬಾಗಿಲನ್ನು ತಿಂಗಳಿಗೊಮ್ಮೆಯಾದರೂ ಪಕ್ಕದ ಮನೆಯವರಿಂದ ಒಮ್ಮೆ ಪೂರ್ತಿ ಏರಿಸಿ ಇಳಿಸಿದರೆ ತುಕ್ಕಿಗೆ ಕಚ್ಚಿಕೊಳ್ಳುವುದು ತಪ್ಪುತ್ತದೆ.

ಅಡ್ವಾನ್ಸ್ ಕೊಡುವ ಮುನ್ನ

ವರ್ಕ್‌ಶಾಪಿನವರ ಮುಂದೆ ಇಡಬೇಕಾದ ಪ್ರಶ್ನೆಗಳು ಇವು. ಪಟ್ಟಿಯ ದಪ್ಪ ಎಷ್ಟು, ಅದನ್ನು ಬಿಲ್ಲಿನಲ್ಲಿ ಬರೆದು ಕೊಡುತ್ತೀರಾ? ಸತು ಲೇಪ ಆಗಿರುವುದು ಪಟ್ಟಿಗೆ ಮಾತ್ರವೋ, ಚಾನೆಲ್, ಬ್ರಾಕೆಟ್, ಕವರಿಗೂ ಇದೆಯೋ? ಬ್ರಾಕೆಟ್ ಹಿಡಿಯುವುದು ಕಾಂಕ್ರೀಟಿಗೋ ಮುರಕಲ್ಲಿಗೋ? ಬೇರಿಂಗ್ ಇದೆಯೇ? ಎಲ್ಲ ಕೂರಿಸಿದ ಮೇಲೆ ಖಾಲಿ ಉಳಿಯುವ ಅಗಲ, ಎತ್ತರ ಎಷ್ಟು? ಸ್ಪ್ರಿಂಗ್ ತುಂಡಾದರೆ ಎಷ್ಟು ದಿನದೊಳಗೆ ಬರುತ್ತೀರಿ? ಇವಕ್ಕೆ ನೇರವಾಗಿ ಉತ್ತರ ಕೊಡುವವರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕಡಿಮೆ ಬೆಲೆಗೆ ಹಾಕಿದ ತೆಳು ಪಟ್ಟಿಯನ್ನು ಕೆಲವೇ ವರ್ಷದಲ್ಲಿ ಕಿತ್ತು ಹೊಸದು ಹಾಕಿಸುವಾಗ ಗೋಡೆ, ಬಣ್ಣ, ಕೂಲಿ ಎಲ್ಲಕ್ಕೂ ಎರಡನೆಯ ಸಲ ದುಡ್ಡು ಸುರಿಯಬೇಕಾಗುತ್ತದೆ.

ಈ ಕೆಲಸಕ್ಕೆ ಸರಿಯಾದ ಕಾಲ ನವೆಂಬರಿನಿಂದ ಮಾರ್ಚ್. ಗೋಡೆ ಒಣಗಿರುತ್ತದೆ, ಬಣ್ಣ ಹಿಡಿಯುತ್ತದೆ, ವೆಲ್ಡರಿಗೂ ಅವಸರವಿರುವುದಿಲ್ಲ. ಈಗ ಶೆಡ್ಡಿದ್ದು ಬಾಗಿಲಿಲ್ಲದವರು ಒಂದು ಮಳೆಗಾಲ ಸುಮ್ಮನೆ ಗಮನಿಸಲಿ: ಇರಚಲು ಯಾವ ಕಡೆಯಿಂದ ಬಡಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಕಾರು ಎಷ್ಟು ಹೊತ್ತಿಗೆ ಆರುತ್ತದೆ, ಬಾಗಿಲು ತೆರೆಯಬೇಕಾದವರು ಯಾರು. ಈ ನಾಲ್ಕು ಉತ್ತರ ಕೈಯಲ್ಲಿ ಹಿಡಿದು ವರ್ಕ್‌ಶಾಪಿಗೆ ಹೋದವರಿಗೆ ಮಾರುವವರು ತಮ್ಮಲ್ಲಿರುವುದನ್ನು ದಾಟಿಸಲಾರರು. ಮನೆಗೆ ಬೇಕಾದದ್ದನ್ನೇ ಮಾಡಿಕೊಡುತ್ತಾರೆ.